ಮನ ಪಾರ್ಕು

ಪೆಂಡುರ್ತಿ ಅಂದರೆ ನಮ್ಮ ಕಡೆಯವರಿಗೆ ಥಟ್ಟನೆ ಗೊತ್ತಾಗೋದಿಲ್ಲ. ವಿಶಾಖಪಟ್ಟಣದಿಂದ ಅರಕು ಕಣಿವೆಗೆ ಬೆಳಗಿನ ರೈಲು ಹತ್ತಿದವರು ಈ ಊರನ್ನು ದಾಟಿಯೇ ಹೋಗಿರುತ್ತಾರೆ. ಆದರೆ ಆ ಹೊತ್ತಿಗೆ ಇಡ್ಲಿ ಪೊಟ್ಟಣ ಬಿಚ್ಚುತ್ತಿರುತ್ತಾರೆ, ಕಿಟಕಿ ಕಡೆ ನೋಡೋದಿಲ್ಲ. ನಾನು ಇಲ್ಲಿಗೆ ಬಂದಿದ್ದು 2008ರಲ್ಲಿ, ಬ್ಯಾಂಕಿನ ವರ್ಗಾವಣೆ ಮೇಲೆ. ಮೂರು ವರ್ಷ ಕಣ್ಣುಮುಚ್ಚಿ ಕಳೆದು ಮೈಸೂರಿಗೆ ವಾಪಸ್ ಹೋಗೋದು ಅಂತ ಲೆಕ್ಕ. ಲೆಕ್ಕ ತಪ್ಪಿತು. ಮಗಳ ಓದು, ಆಮೇಲೆ ಹತ್ತಿರದ ಶಾಖೆಗಳಲ್ಲೇ ಓಡಾಟ, ಕೊನೆಗೆ ಇಲ್ಲೇ ಒಂದು ಮನೆ. ಈ ಪ್ರಬಂಧ ಮಾತ್ರ ಮನೆಯದ್ದಲ್ಲ, ಮನೆ ಎದುರಿನ ಖಾಲಿ ಜಾಗದ್ದು.

ಮೈಸೂರಲ್ಲಿ ಬೆಳೆದವನಿಗೆ ಪಾರ್ಕು ಅನ್ನೋದು ಗಾಳಿ ಬೆಳಕಿನ ಹಾಗೆ, ಇರಲೇಬೇಕಾದ್ದು. ಅದನ್ನು ಯಾರು ಮಾಡಿದರು, ದುಡ್ಡು ಎಲ್ಲಿಂದ ಬಂತು ಅಂತ ನಾವು ಯಾವತ್ತೂ ಕೇಳಿದವರಲ್ಲ. ಆದರೆ ಅದಕ್ಕೂ ಒಂದು ಹುಟ್ಟು ಇದೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಪ್ಲೇಗು ಬಂದು ಹಳೇ ಕೇರಿಗಳಲ್ಲಿ ಜನ ಸತ್ತರು. ಗಾಳಿ ಆಡದ ಓಣಿಗಳೇ ಕಾರಣ ಅಂತ ಆಗಿನ ಸರ್ಕಾರ ಊರನ್ನು ಬಿಡಿಸಿ ಕಟ್ಟೋಕೆ ಹೊರಟಿತು. ಬೆಂಗಳೂರಲ್ಲಿ ಬಸವನಗುಡಿ, ಮಲ್ಲೇಶ್ವರ ಹುಟ್ಟಿದವು. ಮೈಸೂರಲ್ಲಿ 1903ರಲ್ಲಿ ನಗರ ಸುಧಾರಣಾ ಮಂಡಳಿ ಬಂತು. ಅಗಲ ರಸ್ತೆ, ಮನೆ ಸುತ್ತ ಜಾಗ, ಮೂಲೆಗೊಂದು ಪಾರ್ಕು. ಅಂದರೆ ನಾವು ಸಂಜೆ ಕಡ್ಲೆಕಾಯಿ ತಿಂದ ಪಾರ್ಕುಗಳ ಬೇರಲ್ಲಿ ಒಂದು ಮಾರಿ ಇದೆ. ಶೋಕಿಗೆ ಮಾಡಿದ್ದಲ್ಲ, ಸಾವಿಗೆ ಹೆದರಿ ಮಾಡಿದ್ದು.

ವಿಶಾಖಪಟ್ಟಣದ ಕಥೆ ಬೇರೆ. ಊರ ನಡುವೆ ಡಾಬಾ ಗಾರ್ಡನ್ಸ್ ಅಂತ ಒಂದು ಜಾಗ ಇದೆ. 1840ರಲ್ಲಿ ಗೋಡೆ ವೆಂಕಟ ಜಗ್ಗಾರಾವ್ ಎಂಬ ಶ್ರೀಮಂತರು ನಕ್ಷತ್ರ ನೋಡಲು ಸ್ವಂತ ವೀಕ್ಷಣಾಲಯ ಕಟ್ಟಿಸಿದ್ದು ಅಲ್ಲೇ. ಈಗ ಹೆಸರಿನಲ್ಲಿ ಮಾತ್ರ ಗಾರ್ಡನ್ನು ಉಳಿದಿದೆ, ಉಳಿದದ್ದೆಲ್ಲ ಅಂಗಡಿ. ಆಮೇಲೆ ಬಂದ ಪಾರ್ಕುಗಳಲ್ಲಿ ಹೆಸರು ಮಾಡಿದವೆಲ್ಲ ಬಹುಪಾಲು ನಗರಾಭಿವೃದ್ಧಿ ಪ್ರಾಧಿಕಾರದ್ದು. ಆ ಪ್ರಾಧಿಕಾರ 1978ರಲ್ಲಿ 'ವುಡಾ' ಆಗಿ ಹುಟ್ಟಿ, 2018ರಲ್ಲಿ ವಿ.ಎಂ.ಆರ್.ಡಿ.ಎ. ಆಯಿತು. ಕಡಲ ದಂಡೆಯ ವುಡಾ ಪಾರ್ಕು, ರೋಪ್‌ವೇ ಇರುವ ಕೈಲಾಸಗಿರಿ ಎಲ್ಲ ಅದರದ್ದೇ. ಊರ ನಡುವಿನ ಹಳೇ ಸೆಂಟ್ರಲ್ ಜೈಲನ್ನು ಬೇರೆಡೆಗೆ ಸಾಗಿಸಿ ಅದೇ ನೆಲದಲ್ಲಿ ಮಾಡಿದ ಸೆಂಟ್ರಲ್ ಪಾರ್ಕು 2016ರಲ್ಲಿ ಬಾಗಿಲು ತೆರೆಯಿತು. ಜೈಲಿದ್ದಲ್ಲಿ ಮಕ್ಕಳು ಓಡಾಡೋದನ್ನು ನೋಡಿದರೆ ಖುಷಿಯಾಗುತ್ತೆ, ಸುಳ್ಳು ಯಾಕೆ ಹೇಳಲಿ. ಇಂಥಾ ಪಾರ್ಕಿಗೆ ಟಿಕೆಟ್ಟು ಇಡಬಹುದು, ಒಳಗೆ ಅಂಗಡಿ ಬಾಡಿಗೆಗೆ ಕೊಡಬಹುದು, ಹೊರಗಿನ ಪ್ರವಾಸಿಗಳು ಬರುತ್ತಾರೆ. ಮಾಲಿಯ ಸಂಬಳ ತಕ್ಕಮಟ್ಟಿಗೆ ಅಲ್ಲೇ ಹುಟ್ಟುತ್ತೆ.

ಪೆಂಡುರ್ತಿಯಂಥ ಊರಿನ ಪಾರ್ಕಿಗೆ ಯಾವ ಪ್ರವಾಸಿ ಬಂದಾನು? ಕಡಲು ಇಲ್ಲಿಂದ ಸುಮಾರು 20 ಕಿ.ಮೀ. ದೂರ. ಮೊದಲು ಇದು ಪಂಚಾಯ್ತಿಗೆ ಸೇರಿದ್ದ ಊರು. 2005ರ ನವೆಂಬರಿನಲ್ಲಿ ಗಾಜುವಾಕ ಪುರಸಭೆಯನ್ನೂ ಸುತ್ತಲ 32 ಹಳ್ಳಿಗಳನ್ನೂ ಸೇರಿಸಿ ಮಹಾ ವಿಶಾಖ ನಗರ ಪಾಲಿಕೆ, ಅಂದರೆ ಜಿ.ವಿ.ಎಂ.ಸಿ. ಮಾಡಿದರು. ರಾತ್ರಿ ಹಳ್ಳಿಯವರಾಗಿ ಮಲಗಿದವರು ಬೆಳಿಗ್ಗೆ ಮಹಾನಗರದವರಾಗಿ ಎದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರದ ಜೆ.ಎನ್.ನರ್ಮ್ ಯೋಜನೆ ಬಂತು. ನಮಗೆ ಅದರಿಂದ ಸಿಕ್ಕಿದ್ದು ಊರ ನಡುವಿಂದ ಪೆಂಡುರ್ತಿವರೆಗೆ ಬಸ್ಸಿಗೇ ಮೀಸಲಾದ ಬಿ.ಆರ್.ಟಿ.ಎಸ್. ರಸ್ತೆ. ರಸ್ತೆ ಬಂದ ಮೇಲೆ ಕೇಳಬೇಕೆ, ಗದ್ದೆಗಳೆಲ್ಲ 'ವೆಂಚರ್' ಆದವು. ನಾವು ಬಡಾವಣೆ ಅನ್ನೋದಕ್ಕೆ ಇಲ್ಲಿನವರು ವೆಂಚರ್ ಅಂತಾರೆ, ಸೈಟಿಗೆ ಪ್ಲಾಟು ಅಂತಾರೆ.

ಇಲ್ಲಿ ಸ್ವಲ್ಪ ಕಾನೂನು ಹೇಳಬೇಕು, ಬೇಜಾರು ಮಾಡ್ಕೋಬೇಡಿ. ಆಂಧ್ರದ ಗ್ರಾಮ ಪಂಚಾಯ್ತಿಗಳಿಗೆ 2002ರಲ್ಲಿ ಬಂದ ನಿಯಮದ ಪ್ರಕಾರ ಬಡಾವಣೆ ಮಾಡುವವನು ನೂರಕ್ಕೆ ಹತ್ತು ಪಾಲು ಜಾಗ ಖಾಲಿ ಬಿಡಬೇಕು. ನಮ್ಮ ಬಿ.ಡಿ.ಎ. ಕಾಯ್ದೆಯ 16ನೇ ಕಲಂ ಇನ್ನೂ ಧಾರಾಳ, ಪಾರ್ಕಿಗೂ ಆಟದ ಬಯಲಿಗೂ ಹದಿನೈದು ಪಾಲು ಎಂದು ಬರೆದಿತ್ತು. ಈ ಜಾಗ ಸರ್ಕಾರ ಕೊಟ್ಟದ್ದಲ್ಲ, ನೆನಪಿರಲಿ. ಸೈಟು ಕೊಂಡವರೆಲ್ಲ ಅದರ ಬೆಲೆಯನ್ನು ತಮ್ಮ ಸೈಟಿನ ಬೆಲೆಯಲ್ಲಿ ಸೇರಿಸಿ ಕೊಟ್ಟಿರುತ್ತಾರೆ. ಆದರೆ ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಮಾತ್ರಕ್ಕೆ ಪಾರ್ಕು ಆಗೋದಿಲ್ಲ. ಬಡಾವಣೆಯವನು ಆ ಜಾಗವನ್ನು ಪಂಚಾಯ್ತಿಗೋ ಪಾಲಿಕೆಗೋ ದಾನಪತ್ರ ಬರೆದು ನೋಂದಣಿ ಮಾಡಿಸಿಕೊಡಬೇಕು. ಮಾಡಿಸದೇ ಹೋದರೆ ದಾಖಲೆಯಲ್ಲಿ ಅದು ಅವನ ಸ್ವಂತ ನೆಲವೇ. ಇವತ್ತಲ್ಲ ನಾಳೆ ತುಂಡು ಮಾಡಿ ಮಾರಬಹುದು. ಪಂಚಾಯ್ತಿ ಹೋಗಿ ಪಾಲಿಕೆ ಬರುವ ಗಡಿಬಿಡಿಯಲ್ಲಿ ಯಾವ ಜಾಗಕ್ಕೆ ದಾನಪತ್ರ ಇದೆ, ಯಾವುದಕ್ಕಿಲ್ಲ ಅಂತ ಯಾರು ಹುಡುಕುತ್ತಾರೆ?

ನಮ್ಮ ಮನೆ ಎದುರಿನ ಜಾಗದ್ದೂ ಇದೇ ಕಥೆ. ನಾನು ಆಗಿನ್ನೂ ಬಾಡಿಗೆಗಿದ್ದೆ. ಪಕ್ಕದ ಮನೆಯಲ್ಲಿ ನಿವೃತ್ತ ಮೇಷ್ಟ್ರು ಒಬ್ಬರಿದ್ದರು, ಎಲ್ಲರ ಬಾಯಲ್ಲೂ ಅವರು 'ಮಾಸ್ಟಾರು'. 2009ರ ಒಂದು ಸಂಜೆ ಕಾಗದ ಹಿಡಿದು ಬಂದರು. "ಮೇನೇಜರುಗಾರೂ, ಮಾ ಕಾಲನೀ ಪಾರ್ಕು ಜಾಗವನ್ನು ಮಾರ್ತಾ ಇದ್ದಾರಂತೆ. ಕಾರ್ಪೊರೇಟರಿಗೆ ಅರ್ಜಿ ಕೊಡ್ತಿದ್ದೀವಿ. ನೀವೂ ಒಂದು ಸಹಿ ಹಾಕಿ" ಅಂದರು. ಅರ್ಧ ತೆಲುಗು, ಅರ್ಧ ಇಂಗ್ಲಿಷು. ನಾನು ಏನಂದೆ ಗೊತ್ತೇ? "ನಾನು ಹೊರಗಿನವನು ಮಾಸ್ಟಾರೂ, ನಾಡಿದ್ದು ವರ್ಗ ಆಗಿ ಹೋಗೋನು. ನನ್ನ ಸಹಿ ಯಾಕೆ?" ಅವರು ಒತ್ತಾಯ ಮಾಡಲಿಲ್ಲ. ಕಾಫಿ ಕುಡಿದು ಹೋದರು.

ಮುಂದಿನದ್ದನ್ನು ಹೇಳೋಕೆ ನಾಚಿಕೆ. ಆರೇಳು ತಿಂಗಳಿಗೆ ನನ್ನ ಮೇಜಿಗೆ ಒಂದು ಗೃಹಸಾಲದ ಫೈಲು ಬಂತು. ಚೆಕ್ಕುಬಂದಿ ಓದಿದಾಗ ಗೊತ್ತಾಯಿತು, ಅದು ಮನೆ ಎದುರಿನ ಜಾಗದ ಪಡುವಣ ಅರ್ಧದಲ್ಲಿ ಒಂದು ತುಂಡು. ವಕೀಲರ ಅಭಿಪ್ರಾಯ ಸರಿಯಾಗಿತ್ತು, ಋಣಭಾರ ಪತ್ರ ಸರಿಯಾಗಿತ್ತು, ದಾನಪತ್ರ ಇಲ್ಲದ್ದರಿಂದ ಮಾಲೀಕತ್ವದಲ್ಲಿ ತೊಡಕೇ ಇರಲಿಲ್ಲ. ಸಾಲ ಕೇಳಿದವನೂ ಪಾಪ, ಜೀವಮಾನದ ಉಳಿತಾಯ ಹಾಕಿ ಮನೆ ಕಟ್ಟೋಕೆ ಹೊರಟವನು, ಅವನಿಗೆ ಏನೂ ಗೊತ್ತಿಲ್ಲ. ಮೂಲ ಬಡಾವಣೆಯ ನಕ್ಷೆ ತರಿಸಿ ನೋಡಿ ಅಂತ ಫೈಲಿನ ಮೇಲೆ ಒಂದು ಸಾಲು ಬರೆಯಬಹುದಿತ್ತು. ಬರೆಯಲಿಲ್ಲ. ಹೀಗೆ ಆ ಜಾಗದ ವಿಷಯದಲ್ಲಿ ನಾನು ಹಾಕಿದ ಒಂದೇ ಸಹಿ ಸಾಲ ಮಂಜೂರಾತಿಯ ಮೇಲೆ ಹಾಕಿದ್ದು.

ಅದೇ ಕಾಲಕ್ಕೆ ಯಾವುದೋ ಲೀಗಲ್ ಟ್ರೇನಿಂಗಿನಲ್ಲಿ ಬೆಂಗಳೂರಿನ ಒಂದು ಮೊಕದ್ದಮೆ ಓದೋಕೆ ಕೊಟ್ಟರು. ನಿಮ್ಮಲ್ಲಿ ಕೆಲವರಿಗೆ ಗೊತ್ತಿದ್ದೀತು, ಮುದ್ದಪ್ಪನವರ ಕೇಸು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಮೀಸಲಿಟ್ಟ ಜಾಗವನ್ನು 1976ರಲ್ಲಿ ಮುಖ್ಯಮಂತ್ರಿಗಳ ಮಟ್ಟದಲ್ಲೇ ತೀರ್ಮಾನ ಮಾಡಿ ಆಸ್ಪತ್ರೆ ಕಟ್ಟಲು ಖಾಸಗಿ ಟ್ರಸ್ಟಿಗೆ ಕೊಡಿಸಿದ್ದರು. ಆಸ್ಪತ್ರೆ ತಾನೇ, ಒಳ್ಳೇದೇ ಅಲ್ಲವೇ ಅಂತ ಸುಮ್ಮನಿರಬಹುದಿತ್ತು. ಬಡಾವಣೆಯವರು ಸುಮ್ಮನಿರಲಿಲ್ಲ. ಹೈಕೋರ್ಟಿನಲ್ಲಿ ಏಕಸದಸ್ಯ ಪೀಠದ ಮುಂದೆ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿಯೇ ತೀರ್ಪು ಕೊಟ್ಟಿತು. ಈ ಜನಕ್ಕೆ ಕೇಳುವ ಹಕ್ಕೇ ಇಲ್ಲ ಅನ್ನೋದು ಎದುರು ಪಕ್ಷದ ಒಂದು ವಾದವಾಗಿತ್ತು. ಕೋರ್ಟು ಅದನ್ನು ತಳ್ಳಿಹಾಕಿತು. ಅಲ್ಲಿ ವಾಸ ಮಾಡೋರು ಅಪರಿಚಿತರಲ್ಲ, ಪಾರ್ಕು ಹೋದರೆ ನಷ್ಟ ಅವರಿಗೇ, ಆದ್ದರಿಂದ ಕೇಳುವ ಹಕ್ಕೂ ಅವರದೇ ಎಂಬುದು ತೀರ್ಪಿನ ತಿರುಳು. ಎಷ್ಟು ತಲೆಮಾರಿನಿಂದ ಇದ್ದೀರಿ, ಮನೆಮಾತು ಯಾವುದು ಅಂತ ಕೋರ್ಟು ವಿಚಾರಿಸಲಿಲ್ಲ. ವಾಸ ಮಾಡಿದರೆ ಸಾಕು. ನಮ್ಮ ಊರಿನವರೇ ಗೆದ್ದುಕೊಟ್ಟ ಈ ಮಾತನ್ನು ಪೆಂಡುರ್ತಿಯಲ್ಲಿ ಕೂತು ತಡವಾಗಿ ಓದಿದೆ.

ಅಷ್ಟರಲ್ಲಿ ಅರ್ಜಿ ಕೊಡೋಣ ಅಂದರೂ ತೆಗೆದುಕೊಳ್ಳೋರಿಲ್ಲದ ಕಾಲ ಬಂತು. 2007ರಲ್ಲಿ ಆರಿಸಿ ಬಂದ ಪಾಲಿಕೆ ಸದನದ ಅವಧಿ 2012ಕ್ಕೆ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2021ರ ಮಾರ್ಚಿನಲ್ಲಿ. ಒಂಬತ್ತು ವರ್ಷ ಕಾರ್ಪೊರೇಟರೇ ಇಲ್ಲ, ಅಧಿಕಾರಿಗಳದ್ದೇ ಆಡಳಿತ. ನಗಬೇಡಿ, ಬೆಂಗಳೂರಲ್ಲೂ 2020ರ ಸೆಪ್ಟೆಂಬರಿನಲ್ಲಿ ಸದನದ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಹೀಗೇ ನಡೆಯಿತು. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಹನ್ನೆರಡನೇ ಅನುಸೂಚಿ ಅಂತ ಹದಿನೆಂಟು ಬಾಬತ್ತುಗಳ ಪಟ್ಟಿ ಸೇರಿಸಿದರು. ಅದರಲ್ಲಿ ಹನ್ನೆರಡನೆಯದು ಪಾರ್ಕು, ತೋಟ, ಆಟದ ಬಯಲು. ಕೆಲಸ ಪಾಲಿಕೆಗೆ ಬಂತು, ಕೆಲಸದ ಜೊತೆ ದುಡ್ಡು ಬರಲಿಲ್ಲ. 2015ರಲ್ಲಿ 500 ಊರುಗಳಿಗೆ ಅಮೃತ್ ಯೋಜನೆ ಬಂದಾಗ ಪಾರ್ಕಿಗೆ ಖರ್ಚು ಮಾಡಬಹುದಾದ ಮಿತಿ ನೂರಕ್ಕೆ ಎರಡೂವರೆ ರೂಪಾಯಿ. ಮಿಕ್ಕಿದ್ದು ಮುಖ್ಯವಾಗಿ ನೀರಿಗೆ, ಚರಂಡಿಗೆ. ತಪ್ಪು ಅನ್ನಲಾರೆ, ನೀರಿಲ್ಲದ ಊರಲ್ಲಿ ಜೋಕಾಲಿ ಕಟ್ಟಿ ಏನು ಮಾಡೋದು? 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಇಪ್ಪತ್ತು ಊರುಗಳ ಪಟ್ಟಿಯಲ್ಲಿ ನಮ್ಮ ದಾವಣಗೆರೆ, ಬೆಳಗಾವಿ ಜೊತೆ ವಿಶಾಖಪಟ್ಟಣವೂ ಇತ್ತು. ಆರಿಸಿಕೊಂಡ ಪ್ರದೇಶ ಮಾತ್ರ ಆರ್.ಕೆ. ಬೀಚಿನ ಆಸುಪಾಸು. ದುಡ್ಡು ಕಣ್ಣಿಗೆ ಕಾಣೋ ಕಡೆಗೇ ಹರಿಯಿತು.

ಹೀಗೆ ಬರೋ ದುಡ್ಡೂ ಕಟ್ಟೋದಕ್ಕೆ ಬರುತ್ತೆ, ನೋಡಿಕೊಳ್ಳೋದಕ್ಕೆ ಬರೋದಿಲ್ಲ. ಗೋಡೆ, ಗೇಟು, ಜಾರುಬಂಡೆ, ಹೆಸರು ಕೆತ್ತಿದ ಕಲ್ಲು ಎಲ್ಲ ಒಂದು ಸಲದ ಖರ್ಚು. ಮಾಲಿಗೆ ಸಂಬಳ, ಬೋರಿನ ಕರೆಂಟು, ಮುರಿದ ಜೋಕಾಲಿಯ ಸರಪಳಿ ಪ್ರತಿ ತಿಂಗಳ ಖರ್ಚು. ಅದು ಮನೆಗಂದಾಯದಂಥ ಪಾಲಿಕೆಯ ಸ್ವಂತ ಆದಾಯದಲ್ಲೇ ಹುಟ್ಟಬೇಕು. ಆ ಆದಾಯದಲ್ಲಿ ಯಾರಿಗೆ ಎಷ್ಟು ಅನ್ನೋದು ಜಗಳ ಮಾಡಿ ಕೇಳಿದವರ ಮೇಲೆ ನಿಂತಿರುತ್ತೆ. ಎಷ್ಟೋ ಪಾರ್ಕು ಉದ್ಘಾಟನೆಯ ದಿನ ಚೆಂದ ಇದ್ದು ಎರಡನೇ ಬೇಸಗೆಗೆ ಒಣಗೋದು ಇದಕ್ಕೇ.

2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಬಡಿಯಿತು. ಆ ಗಾಳಿಯ ಸದ್ದು ಈಗಲೂ ಕಿವಿಯಲ್ಲಿದೆ. ಊರಿನ ಮರಗಳೆಲ್ಲ ಮಲಗಿದವು, ಎದುರಿನ ಜಾಗದಲ್ಲಿದ್ದ ಎರಡು ಬೇವಿನ ಮರಗಳೂ ಹೋದವು. ದಿನಗಟ್ಟಲೆ ಕರೆಂಟಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಆಗ ಕಾಲನಿಗೆ ದಿಕ್ಕಾದದ್ದು ಉಳಿದಿದ್ದ ಆ ಅರ್ಧ ಜಾಗ. ನೀರಿನ ಟ್ಯಾಂಕರು ನಿಂತಿದ್ದು ಅಲ್ಲಿ. ಒಲೆ ಹೂಡಿ ಹಂಚಿ ಉಂಡದ್ದು ಅಲ್ಲಿ. ಸೆಕೆಗೆ ಮನೆಯೊಳಗೆ ಮಲಗಲಾರದ ಮುದುಕರು ಮಂಚ ಹಾಕಿದ್ದು ಅಲ್ಲಿ. ಪ್ಲೇಗು ಕಲಿಸಿದ ಪಾಠವನ್ನೇ ನೂರಿಪ್ಪತ್ತು ವರ್ಷದ ಮೇಲೆ ಗಾಳಿ ಕಲಿಸಿತು. ಸಾಲ ತಗೊಂಡು ಮನೆ ಕಟ್ಟಿದ ಆ ಮನುಷ್ಯನೂ ಬಿಂದಿಗೆ ಹಿಡಿದು ಅದೇ ಸಾಲಿನಲ್ಲಿ ನಿಂತಿದ್ದ. ಅವನ ಹಿಂದೆ ನಾನು.

ಅದೇ ವಾರ ಮಾಸ್ಟಾರರ ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟೆ, ಸಾಲದ ಫೈಲಿನ ಸಮೇತ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸರಿ, ಇನ್ನರ್ಧ ಇದೆಯಲ್ಲ. ನಿಮಗೆ ದಾಖಲೆ ಓದೋಕೆ ಬರುತ್ತೆ, ಬನ್ನಿ" ಅಂದರು. ಹಳೇ ನಕ್ಷೆ ಹುಡುಕಿದೆವು, ಬಡಾವಣೆ ಮಾಡಿದ ಮನೆತನದವರನ್ನು ಹುಡುಕಿದೆವು. ಮನೆಗಿಷ್ಟು ಅಂತ ಹಣ ಹಾಕಿ ಬೇವು, ಹೊಂಗೆ ನೆಟ್ಟೆವು. ಮಕ್ಕಳಿಗೆ ಬೇಸಗೆ ರಜದಲ್ಲಿ ಕೇರಂ, ಕಥೆ, ಬೆಳಗಿನ ಹೊತ್ತು ದೊಡ್ಡವರಿಗೆ ಯೋಗ. ಜನ ಬಳಸುವ ಜಾಗವನ್ನು ಮಾರೋದು ಕಷ್ಟ ಅನ್ನೋದು ಮಾಸ್ಟಾರರ ಲೆಕ್ಕ. ಅರ್ಜಿಗಳ ಮೇಲೆ ಅರ್ಜಿ ಹಾಕಿ ಕೊನೆಗೂ ಉಳಿದರ್ಧಕ್ಕೆ ದಾನಪತ್ರ ನೋಂದಣಿಯಾಯಿತು. ಸಾಕ್ಷಿಗಳ ಜಾಗದಲ್ಲಿ ಎರಡನೇ ಸಹಿ ನನ್ನದು. 2021ರ ಚುನಾವಣೆ ಆದಮೇಲೆ ಪಾಲಿಕೆಯಿಂದ ಗೋಡೆಯೂ ಬಂತು. ಮಾಲಿಯ ಸಂಬಳಕ್ಕೆ ಇವತ್ತಿಗೂ ನಾವೇ ಚಂದಾ ಎತ್ತುತ್ತೇವೆ.

ತೆಲುಗಿನಲ್ಲಿ ಒಂದು ಸೊಗಸು ಇದೆ, ನಮ್ಮಲ್ಲಿ ಅದು ಇಲ್ಲ. ನಾವು ಎಲ್ಲದಕ್ಕೂ 'ನಮ್ಮ' ಅಂತೀವಿ. ಅವರಲ್ಲಿ ಎರಡು ಮಾತು. 'ಮಾ' ಅಂದರೆ ನಮ್ಮದು, ನೀನು ಅದರಲ್ಲಿ ಸೇರಿಲ್ಲ. 'ಮನ' ಅಂದರೆ ನಮ್ಮದು, ನೀನೂ ಸೇರಿ. 2009ರಲ್ಲಿ ಮಾಸ್ಟಾರು 'ಮಾ ಕಾಲನೀ ಪಾರ್ಕು' ಅಂದಾಗ ನನಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ, ಗೊತ್ತಿದ್ದರೂ ಅವರ ತಪ್ಪೇನೂ ಇರಲಿಲ್ಲ. ಮೊನ್ನೆ ಬೆಳಿಗ್ಗೆ ಮಾಸ್ಟಾರು ಗೇಟಿನ ಹತ್ತಿರ ನಿಂತು ಫೋನಿನಲ್ಲಿ ಯಾರಿಗೋ ದಾರಿ ಹೇಳುತ್ತಿದ್ದರು. ಪಕ್ಕದಲ್ಲಿ ನಾನು ಪೈಪು ಹಿಡಿದು ಹೊಂಗೆಗೆ ನೀರು ಬಿಡುತ್ತಿದ್ದೆ. ಅವರು ಫೋನನ್ನು ಕಿವಿಯಿಂದ ತೆಗೆದು ನನ್ನ ಕಡೆ ತಿರುಗಿ, "ಮೇನೇಜರುಗಾರೂ, ಮನ ಪಾರ್ಕಿಗೆ ಯಾವ ಬಸ್ಸು ಹತ್ತಬೇಕು ಅಂತ ಹೇಳಲಿ?" ಅಂದರು.

ನಾನು ಬಸ್ಸಿನ ನಂಬರು ಹೇಳಿದೆ.