ಮನೆ ಒಬ್ಬರದು, ಮುಖ ಊರಿನದು

ನಿಮ್ಮ ಮನೆಗೆ ಬಣ್ಣ ಹೊಡೆಸಬೇಕಾಗಿದೆ ಎಂದುಕೊಳ್ಳಿ. ಯಾರನ್ನು ಕೇಳುತ್ತೀರಿ? ಅಮ್ಮ ಒಂದು ಬಣ್ಣ ಹೇಳುತ್ತಾರೆ, ಅಣ್ಣ ಇನ್ನೊಂದು ಹೇಳುತ್ತಾನೆ, ಕೊನೆಗೆ ಅಂಗಡಿಯಲ್ಲಿ ಯಾವುದು ಅಗ್ಗವೋ ಅದು ಗೋಡೆಗೆ ಬರುತ್ತದೆ. ಹಳೆಯ ಮರದ ಕಿಟಕಿ ಕಿತ್ತು ಅಲ್ಯೂಮಿನಿಯಂ ಕಿಟಕಿ ಕೂರಿಸುವುದಿರಲಿ, ಜಗಲಿ ಒಡೆದು ಸ್ಕೂಟರ್ ನಿಲ್ಲಿಸಲು ಜಾಗ ಮಾಡುವುದಿರಲಿ, ಹೆಚ್ಚಿನ ಬೀದಿಗಳಲ್ಲಿ ಅದು ಮನೆಯವರ ಇಷ್ಟ. ಎದುರು ಮನೆಯವರು ದಿನವೂ ನೋಡಬೇಕಾದದ್ದು ಆ ಗೋಡೆಯನ್ನೇ ಆದರೂ ಅವರ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ.

ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಸಮುದ್ರತೀರದಲ್ಲಿ ಚಾರ್ಲ್ಸ್‌ಟನ್ ಎಂಬ ಊರಿದೆ. ಅಲ್ಲಿನ ಹಳೆಯ ಭಾಗದಲ್ಲಿ ಮನೆಯಿದ್ದರೆ ಮಾತ್ರ ಹೀಗೆ ನಡೆಯುವುದಿಲ್ಲ. ಕಿಟಕಿ, ಬಾಗಿಲು, ಛಾವಣಿ, ಬಣ್ಣ, ಬೇಲಿ, ಹೀಗೆ ಬೀದಿಯಿಂದ ಕಾಣುವ ಏನನ್ನು ಬದಲಿಸಬೇಕಾದರೂ ನಗರದ ವಾಸ್ತುವಿನ್ಯಾಸ ಪರಿಶೀಲನಾ ಮಂಡಳಿಗೆ ಅರ್ಜಿ ಹಾಕಬೇಕು. ಈ ಪದ್ಧತಿ 1931ರಿಂದ ನಡೆದುಬಂದಿದೆ. ಒಂದು ಇಡೀ ಬಡಾವಣೆಯನ್ನು ಐತಿಹಾಸಿಕ ಪ್ರದೇಶವೆಂದು ಗುರುತಿಸಿ, ಅಲ್ಲಿನ ಖಾಸಗಿ ಮನೆಗಳ ಹೊರರೂಪವನ್ನು ಪರಿಶೀಲಿಸುವ ಕಾನೂನು ಅಮೆರಿಕದಲ್ಲಿ ಮೊದಲು ಹುಟ್ಟಿದ್ದು ಇಲ್ಲಿಯೇ. ಇಂದು ಆ ದೇಶದಲ್ಲಿ ಇಂಥ ಸ್ಥಳೀಯ ಮಂಡಳಿಗಳು ಎರಡು ಸಾವಿರಕ್ಕೂ ಹೆಚ್ಚು ಇವೆ. ಅದೂ ಆಸ್ತಿಯ ಹಕ್ಕನ್ನು ಅಷ್ಟೊಂದು ಬಿಗಿಯಾಗಿ ಹಿಡಿದುಕೊಂಡ ದೇಶದಲ್ಲಿ! ಇದು ಹೇಗಾಯಿತು ಎಂದು ನೋಡೋಣ.

ಮೊದಲು ಆ ಮನೆಗಳ ಪರಿಚಯ ಮಾಡಿಕೊಳ್ಳಿ. 1670ರಲ್ಲಿ ಇಂಗ್ಲಿಷರ ವಸಾಹತಾಗಿ ಆರಂಭವಾದ ಈ ಊರು ಭತ್ತ ಮತ್ತು ನೀಲಿ ಬೆಳೆಯ ವ್ಯಾಪಾರದಿಂದ ಶ್ರೀಮಂತವಾಯಿತು. ಗದ್ದೆಯಲ್ಲಿ ದುಡಿದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಮನೆ ಕಟ್ಟಿದವರಲ್ಲೂ, ಇಟ್ಟಿಗೆ ಸುಟ್ಟವರಲ್ಲೂ ಹೆಚ್ಚಿನವರು ಅವರೇ. ಇಲ್ಲಿನ ವಿಶಿಷ್ಟ ಮನೆಗೆ 'ಸಿಂಗಲ್ ಹೌಸ್' ಎಂದು ಹೆಸರು. ಅಗಲ ಒಂದೇ ಕೋಣೆಯಷ್ಟು. ಮನೆ ಬೀದಿಗೆ ತನ್ನ ಕಿರಿದಾದ ಬದಿಯನ್ನು ತೋರಿಸಿ ಅಡ್ಡ ನಿಂತಿರುತ್ತದೆ. ಬೀದಿಬಾಗಿಲು ತೆರೆದರೆ ನೀವು ಮನೆಯೊಳಗೆ ಹೋಗುವುದಿಲ್ಲ, ಪಕ್ಕದ ಉದ್ದನೆಯ ಮೊಗಸಾಲೆಗೆ ಕಾಲಿಡುತ್ತೀರಿ. ಮೊಗಸಾಲೆ ಇರುವುದು ದಕ್ಷಿಣಕ್ಕೆ ಅಥವಾ ಪಶ್ಚಿಮಕ್ಕೆ. ನಾನು ವಿಜ್ಞಾನ ಓದಿದವನು, ಆದ್ದರಿಂದ ಈ ಮನೆಯಲ್ಲಿ ನನಗೆ ಮೊದಲು ಕಂಡದ್ದು ಅದರ ಉಸಿರಾಟ. ಬೇಸಿಗೆಯಲ್ಲಿ ಅಲ್ಲಿ ಗಾಳಿ ನೈಋತ್ಯದಿಂದ ಬೀಸುತ್ತದೆ. ಮೊಗಸಾಲೆ ಬಿಸಿಲನ್ನು ಗೋಡೆಗೆ ತಾಗಲು ಬಿಡುವುದಿಲ್ಲ. ಒಂದೇ ಕೋಣೆ ಅಗಲವಾದ್ದರಿಂದ ಒಂದು ಕಿಟಕಿಯಲ್ಲಿ ಬಂದ ಗಾಳಿ ಎದುರಿನ ಕಿಟಕಿಯಲ್ಲಿ ಹೊರಟುಹೋಗುತ್ತದೆ. ಫ್ಯಾನಿಲ್ಲದ ಕಾಲದ ಬುದ್ಧಿವಂತಿಕೆ ಅದು.

ಇಂಥ ಮನೆಗಳು ಉಳಿದದ್ದು ಯಾರೋ ಕಾಪಾಡಿದ್ದರಿಂದಲ್ಲ, ಬಡತನದಿಂದ. 1861ರಲ್ಲಿ ಅಮೆರಿಕದ ಅಂತರ್ಯುದ್ಧದ ಮೊದಲ ಗುಂಡು ಹಾರಿದ್ದು ಈ ಊರಿನ ಬಂದರಿನಲ್ಲೇ. 1865ರಲ್ಲಿ ಯುದ್ಧ ಮುಗಿಯುವಾಗ ಗುಲಾಮಗಿರಿ ಹೋಯಿತು, ಅದರ ಮೇಲೆ ನಿಂತಿದ್ದ ಸಂಪತ್ತೂ ಹೋಯಿತು. ಬೇರೆ ನಗರಗಳಲ್ಲಿ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುತ್ತಿದ್ದಾಗ ಚಾರ್ಲ್ಸ್‌ಟನ್ನಿನವರ ಬಳಿ ಕೆಡವಲಿಕ್ಕೂ ಹಣವಿರಲಿಲ್ಲ. 1886ರ ಆಗಸ್ಟ್ 31ರ ರಾತ್ರಿ ಭಾರಿ ಭೂಕಂಪವಾಯಿತು. ಬಿರುಕು ಬಿಟ್ಟ ಗೋಡೆಗಳನ್ನು ಎಳೆದು ಹಿಡಿಯಲು ಮನೆಯ ಈ ಗೋಡೆಯಿಂದ ಆ ಗೋಡೆಗೆ ಕಬ್ಬಿಣದ ಸರಳು ತೂರಿಸಿ, ಹೊರಗೆ ಬಿಲ್ಲೆ ಇಟ್ಟು ಬಿಗಿದರು. ಆ ಬಿಲ್ಲೆಗಳು ಇಂದಿಗೂ ಗೋಡೆಗಳ ಮೇಲಿವೆ. ಪ್ರವಾಸಿಗರು ಅವನ್ನು ಅಲಂಕಾರವೆಂದು ತಿಳಿದು ಫೋಟೋ ತೆಗೆದುಕೊಳ್ಳುತ್ತಾರೆ. ಒಂದು ಕಾಲದ ತೇಪೆ ಇನ್ನೊಂದು ಕಾಲದ ಆಭರಣವಾಯಿತು!

ಅಪಾಯ ಬಂದದ್ದು 1920ರ ದಶಕದಲ್ಲಿ, ಎರಡು ಕಡೆಯಿಂದ. ಒಂದು, ಮೋಟಾರು ಕಾರು. ಕಾರಿಗೆ ಪೆಟ್ರೋಲ್ ಬಂಕ್ ಬೇಕು, ಬಂಕಿಗೆ ಬೀದಿಮೂಲೆಯ ನಿವೇಶನ ಬೇಕು, ಮೂಲೆಯಲ್ಲಿ ನಿಂತಿದ್ದದ್ದು ಹಳೆಯ ಮನೆ. ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಮೀಟಿಂಗ್ ಬೀದಿಯಲ್ಲಿ ಮನೆಗಳನ್ನು ಕೊಂಡು ಕೆಡವಿತು. ಎರಡನೆಯದು, ಉತ್ತರದ ಸಿರಿವಂತ ಸಂಗ್ರಹಕಾರರು ಮತ್ತು ವಸ್ತುಸಂಗ್ರಹಾಲಯಗಳು. ಅವರು ಮನೆಯನ್ನು ಕೊಳ್ಳದೆ ಅದರ ಕೆತ್ತನೆ ಕೆಲಸವನ್ನು, ಕಬ್ಬಿಣದ ಕಟಕಟೆಯನ್ನು, ಕೆಲವೊಮ್ಮೆ ಇಡೀ ಕೋಣೆಯ ಮರಗೆಲಸವನ್ನೇ ಬಿಚ್ಚಿ ಸಾಗಿಸುತ್ತಿದ್ದರು. ಮಿನಿಯಾಪೊಲಿಸ್ ನಗರದ ಕಲಾ ಸಂಗ್ರಹಾಲಯದಲ್ಲಿ ಚಾರ್ಲ್ಸ್‌ಟನ್ನಿನ ಮನೆಯೊಂದರ ಕೋಣೆಗಳು ಇವೆ. ನಮ್ಮ ತೊಟ್ಟಿ ಮನೆಗಳ ಕಂಬಗಳು ದೂರದ ರೆಸಾರ್ಟುಗಳಿಗೆ ಹೋಗಿ ನಿಂತಿರುವುದನ್ನು ನೀವು ನೋಡಿದ್ದರೆ ಇದು ಅರ್ಥವಾಗುತ್ತದೆ.

ಸೂಸನ್ ಪ್ರಿಂಗಲ್ ಫ್ರಾಸ್ಟ್ ಎಂಬ ಮಹಿಳೆ 1920ರಲ್ಲಿ ಹಳೆಯ ಮನೆಗಳ ರಕ್ಷಣೆಗಾಗಿ ಒಂದು ಸಂಘ ಕಟ್ಟಿದರು. ಆಕೆ ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದವರು. ಮನೆ ನಿವೇಶನಗಳ ವ್ಯಾಪಾರವೂ ಅವರ ಉದ್ಯೋಗವಾಗಿತ್ತು. ಮನೆಗಳನ್ನು ಒಂದೊಂದಾಗಿ ಕೊಂಡು ಉಳಿಸಲು ಹೋಗಿ ಸಾಲಕ್ಕೆ ಸಿಕ್ಕಿಕೊಂಡರು. ಎಷ್ಟು ಮನೆ ಅಂತ ಕೊಳ್ಳುವುದು? ಕೊಳ್ಳದೆಯೇ ಕಾಪಾಡುವ ದಾರಿಯೊಂದು ಬೇಕಿತ್ತು. ನಗರಗಳನ್ನು ವಾಸದ ವಲಯ, ಅಂಗಡಿಗಳ ವಲಯ, ಕಾರ್ಖಾನೆಗಳ ವಲಯ ಎಂದು ವಿಂಗಡಿಸುವ ಅಧಿಕಾರವನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1926ರಲ್ಲಿ ಎತ್ತಿಹಿಡಿದಿತ್ತು. ಚಾರ್ಲ್ಸ್‌ಟನ್ ಅದೇ ಎಳೆಯನ್ನು ಹಿಡಿದು 1931ರ ಅಕ್ಟೋಬರಿನಲ್ಲಿ 'ಹಳೆಯ ಮತ್ತು ಐತಿಹಾಸಿಕ ಪ್ರದೇಶ' ಎಂಬ ಹೊಸ ವಲಯವನ್ನು ಸೃಷ್ಟಿಸಿತು. ಐವರು ಸದಸ್ಯರ ಮಂಡಳಿ ನೇಮಕವಾಯಿತು. ವಾಸ್ತುಶಿಲ್ಪಿಯ ಜೊತೆಗೆ ಸಿವಿಲ್ ಎಂಜಿನಿಯರ್, ನಿವೇಶನ ವ್ಯಾಪಾರದವರು, ಕಲಾಸಂಘದವರು ಕೂಡ ಅದರಲ್ಲಿ ಕೂರುವಂತೆ ವ್ಯವಸ್ಥೆಯಾಯಿತು.

ಈ ಮಂಡಳಿಯ ಕೈ ಎಲ್ಲಿಯವರೆಗೆ ಚಾಚುತ್ತದೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಟೆಲಿವಿಷನ್ನಿನವರಿಗೆ ಅದನ್ನು ಅರ್ಥಮಾಡಿಕೊಳ್ಳುವುದು ಸುಲಭ. ಸಾರ್ವಜನಿಕ ಬೀದಿಯಲ್ಲಿ ಕ್ಯಾಮೆರಾ ನಿಲ್ಲಿಸಿ, ಅದಕ್ಕೆ ಕಾಣುವುದಷ್ಟೇ ಮಂಡಳಿಯ ವ್ಯಾಪ್ತಿ. ಒಳಗೆ ಅಡುಗೆಮನೆ ಎಲ್ಲಿರಬೇಕು, ನೆಲಕ್ಕೆ ಯಾವ ಕಲ್ಲು ಹಾಸಬೇಕು ಎಂಬುದು ಮಾಲೀಕರ ಇಷ್ಟ. ಅರ್ಜಿಯ ಜೊತೆ ನಕ್ಷೆ, ಫೋಟೋ, ಸಾಮಗ್ರಿಯ ವಿವರ ಕೊಡಬೇಕು. ಸಣ್ಣಪುಟ್ಟದ್ದನ್ನು ಸಿಬ್ಬಂದಿಯೇ ನೋಡಿ ಒಪ್ಪಿಗೆ ಕೊಡುತ್ತಾರೆ. ದೊಡ್ಡದು ಬಹಿರಂಗ ಸಭೆಗೆ ಬರುತ್ತದೆ. ಅಲ್ಲಿ ನೆರೆಯವರು ಎದ್ದುನಿಂತು ಮಾತನಾಡಬಹುದು. ಮಂಡಳಿ ಒಪ್ಪಬಹುದು, ಷರತ್ತು ಹಾಕಬಹುದು, ಮುಂದೂಡಬಹುದು, ನಿರಾಕರಿಸಬಹುದು. ಮೊದಮೊದಲು ಅದಕ್ಕೆ ಒಂದು ವಿಚಿತ್ರ ಕೊರತೆಯಿತ್ತು. ಕಿಟಕಿ ಬದಲಿಸುವುದನ್ನು ತಡೆಯಬಹುದಾಗಿತ್ತು, ಇಡೀ ಮನೆ ಕೆಡವುವುದನ್ನು ತಡೆಯುವಂತಿರಲಿಲ್ಲ! 1959ರಲ್ಲಿ ನೆಲಸಮವನ್ನು ಮುಂದೂಡುವ ಅಧಿಕಾರ, 1966ರಲ್ಲಿ ನಿರಾಕರಿಸುವ ಅಧಿಕಾರ ಬಂತು.

ಇಂಥ ಪರಿಶೀಲನೆ ಬರಿಯ ಚೆಂದದ ಪ್ರಶ್ನೆಯಲ್ಲ. ಹಳೆಯ ಮೆತ್ತನೆಯ ಇಟ್ಟಿಗೆಯ ಗೋಡೆಗೆ ಸುಣ್ಣದ ಗಾರೆಯ ಬದಲು ಸಿಮೆಂಟ್ ಮೆತ್ತಿದರೆ ಏನಾಗುತ್ತದೆ ಗೊತ್ತೆ? ಸುಣ್ಣದ ಮೂಲಕ ತೇವ ಹೊರಹೋಗುತ್ತದೆ. ಸಿಮೆಂಟ್ ಅದನ್ನು ತಡೆಯುವುದರಿಂದ ತೇವವೂ ಅದರಲ್ಲಿ ಕರಗಿದ ಉಪ್ಪೂ ಇಟ್ಟಿಗೆಯ ಮೂಲಕವೇ ದಾರಿ ಹುಡುಕುತ್ತವೆ. ಉಪ್ಪು ಹರಳುಗಟ್ಟಿ ಇಟ್ಟಿಗೆ ಪದರ ಪದರವಾಗಿ ಉದುರುತ್ತದೆ. ಗಟ್ಟಿಯಾಗಲೆಂದು ಮಾಡಿದ ದುರಸ್ತಿ ಮನೆಯನ್ನೇ ತಿನ್ನುತ್ತದೆ. ನಮ್ಮ ಎಷ್ಟೋ ಹಳೆಯ ಗುಡಿಗಳ, ಮನೆಗಳ ಗೋಡೆಗೂ ಇದೇ ಗತಿಯಾಗಿದೆ.

'ನನ್ನ ಆಸ್ತಿ, ನನ್ನಿಷ್ಟ' ಎಂದು ಮಾಲೀಕರು ನ್ಯಾಯಾಲಯಕ್ಕೆ ಹೋಗಲಿಲ್ಲವೆ? ಹೋದರು. ಚಾರ್ಲ್ಸ್‌ಟನ್ನಿನ ದಾರಿಯನ್ನೇ ಹಿಡಿದು ನ್ಯೂ ಆರ್ಲಿಯನ್ಸ್ ನಗರ ತನ್ನ ಹಳೆಯ ಫ್ರೆಂಚ್ ಪೇಟೆಗೆ ಆಯೋಗವೊಂದನ್ನು ನೇಮಿಸಿತ್ತು. ಅಲ್ಲಿ ಒಬ್ಬ ಪೆಟ್ರೋಲ್ ಬಂಕಿನವನು ದೊಡ್ಡದೊಂದು ಜಾಹೀರಾತು ಫಲಕ ನಿಲ್ಲಿಸಿದ. ನನ್ನ ಬಂಕ್ ಹೊಸದು, ಅದರಲ್ಲಿ ಚರಿತ್ರೆ ಏನೂ ಇಲ್ಲ, ನಿಮ್ಮ ನಿಯಮ ನನಗೇಕೆ ಎಂದು ಅವನ ವಾದ. 1941ರಲ್ಲಿ ಲೂಸಿಯಾನ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಕಾನೂನು ಕಾಪಾಡುವುದು ಬಿಡಿ ಬಿಡಿ ಕಟ್ಟಡಗಳನ್ನಲ್ಲ, ಒಟ್ಟು ಬೀದಿಯ ರೂಪವನ್ನು ಎಂದಿತು. ಸಾಲಿನಲ್ಲಿರುವ ಸಾಮಾನ್ಯ ಮನೆಗೂ ಹೊಸ ಮನೆಗೂ ನಿಯಮ ಅನ್ವಯಿಸುವುದು ಇದೇ ತರ್ಕದಿಂದ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ನಿಮಗೆ ಹೇಳಲೇಬೇಕು. ಫ್ರಾಸ್ಟ್ ಅವರು ಟ್ರ್ಯಾಡ್ ಬೀದಿಯಲ್ಲಿ ಕೊಂಡು ದುರಸ್ತಿ ಮಾಡಿಸಿದ ಮನೆಗಳು ಖಾಲಿ ಇರಲಿಲ್ಲ. ಅವುಗಳಲ್ಲಿ ಆಫ್ರಿಕನ್ ಮೂಲದ ಬಡ ಕುಟುಂಬಗಳು ಬಾಡಿಗೆಗಿದ್ದವು. ಮನೆ ಅಂದವಾಯಿತು, ಬೆಲೆ ಏರಿತು, ಹಣವಿದ್ದ ಬಿಳಿಯರು ಬಂದರು, ಬಾಡಿಗೆಯವರು ಹೊರಟರು. ಮಂಡಳಿ ಬಂದ ಮೇಲೂ ಈ ಹರಿವು ನಿಲ್ಲಲಿಲ್ಲ. ಗೋಡೆಯಿಂದ ಒಂದು ಇಟ್ಟಿಗೆ ತೆಗೆಯಲು ಅರ್ಜಿ ಬೇಕು, ಮನೆಯಿಂದ ಒಂದು ಕುಟುಂಬ ಹೋಗಲು ಯಾರ ಪರಿಶೀಲನೆಯೂ ಬೇಡ. ಬೀದಿಯಲ್ಲಿ ನಿಂತ ಕ್ಯಾಮೆರಾಕ್ಕೆ ಅದು ಕಾಣುವಂಥದ್ದೂ ಅಲ್ಲ. ಈ ಕಾನೂನಿನ ಕಥೆ ಹೇಳುವವರು ಬಹಳ ಕಾಲ ಇದನ್ನು ಬಿಟ್ಟೇ ಹೇಳುತ್ತಿದ್ದರು. ಹಾಗೆ ಹೇಳುವುದು ತಪ್ಪೆಂದೇ ನಾನು ತಿಳಿದಿದ್ದೇನೆ.

ಹಾಗಾದರೆ ಮಂಡಳಿ ಕಾಪಾಡುತ್ತಿರುವ 'ಹಳೆಯದು' ಎಷ್ಟು ಹಳೆಯದು? ಈಸ್ಟ್ ಬೇ ಬೀದಿಯಲ್ಲಿ ಗುಲಾಬಿ, ತಿಳಿನೀಲಿ, ತಿಳಿಹಸಿರು ಬಣ್ಣದ 13 ಮನೆಗಳ ಸಾಲಿದೆ. 'ಕಾಮನಬಿಲ್ಲಿನ ಸಾಲು' ಎಂದು ಹೆಸರಾದ ಅದು ಚಾರ್ಲ್ಸ್‌ಟನ್ನಿನ ಪ್ರತಿ ಅಂಚೆ ಕಾರ್ಡಿನಲ್ಲೂ ಇರುತ್ತದೆ. ಆ ಬಣ್ಣಗಳು ವಸಾಹತು ಕಾಲದವಲ್ಲ. ಕಾನೂನು ಬಂದ 1931ರಲ್ಲೇ ಡೊರೊತಿ ಪೋರ್ಚರ್ ಲೆಗ್ ಎಂಬಾಕೆ ಅಲ್ಲಿ ಹಾಳುಬಿದ್ದ ಮನೆಗಳನ್ನು ಕೊಂಡು ಗುಲಾಬಿ ಬಣ್ಣ ಹೊಡೆಸಿದರು. ನೆರೆಯವರು ಅನುಸರಿಸಿದರು. ಬೀದಿ ಬೀದಿಯಲ್ಲೂ ಕಾಣುವ ಸುರುಳಿ ಸುರುಳಿಯ ಕಬ್ಬಿಣದ ಗೇಟುಗಳ ಕಥೆ ಇನ್ನೂ ಸೊಗಸು. ಅವುಗಳಲ್ಲಿ ನೂರಾರು ಗೇಟುಗಳನ್ನು, ಕಟಕಟೆಗಳನ್ನು ಬಡಿದವರು ಫಿಲಿಪ್ ಸಿಮನ್ಸ್. 1912ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಆಫ್ರಿಕನ್ ಮೂಲದ ಕಮ್ಮಾರ. ಗುಲಾಮಗಿರಿಯಲ್ಲಿ ಹುಟ್ಟಿದ್ದ ಒಬ್ಬ ಕಮ್ಮಾರನ ಬಳಿ ಹುಡುಗನಾಗಿದ್ದಾಗ ಕೆಲಸ ಕಲಿತರು. ಗಾಡಿ, ಕುದುರೆಲಾಳದ ಕೆಲಸ ಕಡಿಮೆಯಾದಾಗ ಗೇಟುಗಳಿಗೆ ತಿರುಗಿದರು. ಹಳೆಯ ಬೀದಿಗೆ ಹೊಂದುವ ಗೇಟು ಬೇಕೆಂದು ಕೇಳುವವರಿಗೆ ಕೊರತೆಯಿರಲಿಲ್ಲ. 1982ರಲ್ಲಿ ಅವರಿಗೆ ರಾಷ್ಟ್ರೀಯ ಪರಂಪರೆ ಪುರಸ್ಕಾರ ಬಂತು. ಮನೆಗಳಿಂದ ಅವರ ಜನರನ್ನು ಕಳಿಸಿದ ಅದೇ ಊರಿನ ಮುಖದ ಮೇಲೆ ಅವರ ಸುತ್ತಿಗೆಯ ಗುರುತು ಉಳಿದಿದೆ.

ನಮ್ಮಲ್ಲಿ ಹೇಗಿದೆ? ಹಂಪಿ, ಬಾದಾಮಿ, ಶ್ರೀರಂಗಪಟ್ಟಣಗಳಂಥ ಕಡೆ ಇರುವವರಿಗೆ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ ಗೊತ್ತಿರುತ್ತದೆ. 2010ರ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಅಲ್ಲಿಂದಾಚೆ 200 ಮೀಟರಿನವರೆಗೆ ಅನುಮತಿ ಪಡೆದು ಕಟ್ಟಬಹುದು. ಇದು ಟೇಪು ಹಿಡಿದು ಅಳೆಯುವ ಕಾನೂನು. ಅದರ ಕಣ್ಣಿರುವುದು ಸ್ಮಾರಕದ ಮೇಲೆ, ಮನೆಯ ಮೇಲಲ್ಲ. ಸ್ಮಾರಕವಿಲ್ಲದ ಬೀದಿಯಲ್ಲಿ ಎಷ್ಟೇ ಚೆಂದದ ಮನೆಸಾಲಿದ್ದರೂ ಅದಕ್ಕೆ ಸಂಬಂಧವಿಲ್ಲ. ಚಾರ್ಲ್ಸ್‌ಟನ್ನಿನ ದಾರಿಗೆ ಹತ್ತಿರವಾದದ್ದು 1995ರಲ್ಲಿ ಮುಂಬಯಿಯಲ್ಲಿ ಬಂದ ನಿಯಮಗಳು. ಕಟ್ಟಡಗಳಿಗೂ ಪ್ರದೇಶಗಳಿಗೂ ದರ್ಜೆ ಕೊಟ್ಟು, ಬದಲಾವಣೆಗಳನ್ನು ಸಮಿತಿಯೊಂದು ನೋಡುವ ವ್ಯವಸ್ಥೆ ನಮ್ಮ ದೇಶದಲ್ಲಿ ಮೊದಲು ಬಂದದ್ದು ಅಲ್ಲಿಯೇ.

ಒಮ್ಮೆ ಹಳೆಯ ಅಗ್ರಹಾರವೊಂದನ್ನು ಚಿತ್ರೀಕರಿಸಲು ಹೋಗಿದ್ದೆವು. ಹೆಂಚಿನ ಮನೆಯ ಜಗಲಿ, ಕೆತ್ತನೆಯ ಬಾಗಿಲು, ಬೆಳಗಿನ ಬೆಳಕು, ಎಲ್ಲವೂ ಕೂಡಿಬಂದಿತ್ತು. ಇದನ್ನು ಹೀಗೇ ಇಟ್ಟುಕೊಳ್ಳಿ ಅಜ್ಜಿ, ಒಡೆಸಬೇಡಿ ಎಂದೆ. ಆಕೆ ನಕ್ಕು, "ನೀವು ಚಿತ್ರ ತಕ್ಕೊಂಡು ಹೋಗ್ತೀರಪ್ಪ. ಮಳೆ ಬಂದಾಗ ಪಾತ್ರೆ ಇಡೋಳು ನಾನು" ಎಂದರು. ಕ್ಯಾಮೆರಾಮನ್ ನನ್ನ ಮುಖ ನೋಡಿದ. ನನ್ನಲ್ಲಿ ಉತ್ತರವಿರಲಿಲ್ಲ. ನೋಡುವ ಸುಖ ಬೀದಿಯಲ್ಲಿ ಹೋಗುವ ಎಲ್ಲರದು, ಹೆಂಚು ಕೈಯಾಡಿಸುವ ಖರ್ಚು ಒಬ್ಬರದು. ಅನುಮತಿ ಕೇಳುವ ಕಾನೂನಿನ ಜೊತೆಗೆ ಖರ್ಚಿನಲ್ಲಿ ಪಾಲು ಕೊಡುವ ಏರ್ಪಾಡೂ ಇಲ್ಲದಿದ್ದರೆ ಆ ಅಜ್ಜಿಯ ಮಾತಿಗೆ ಯಾವ ಮಂಡಳಿಯೂ ಉತ್ತರ ಕೊಡಲಾರದು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಚಾರ್ಲ್ಸ್‌ಟನ್ನಿನ ಮಂಡಳಿಯ ಮುಂದೆ ಈಗ ಬರುತ್ತಿರುವ ಅರ್ಜಿಗಳೂ ನೀರಿನದ್ದೇ. ಅಲ್ಲಿನ ಬಂದರಿನಲ್ಲಿ ಕಳೆದ ನೂರು ವರ್ಷಗಳಲ್ಲಿ ಸಮುದ್ರದ ಮಟ್ಟ ಸುಮಾರು ಒಂದು ಅಡಿ ಏರಿದೆ. ಮಳೆಯಿಲ್ಲದ ದಿನವೂ ದೊಡ್ಡ ಉಬ್ಬರ ಬಂದರೆ ಕೆಲವು ಬೀದಿಗಳಿಗೆ ನೀರು ನುಗ್ಗುತ್ತದೆ. 2017ರ ಇರ್ಮಾ ಚಂಡಮಾರುತದಲ್ಲಿ ಹಳೆಯ ಮನೆಗಳೊಳಗೆ ನೀರು ನಿಂತಿತು. ಮಾಲೀಕರು ಕೇಳತೊಡಗಿದರು: ಮನೆಯನ್ನು ಜಾಕ್ ಕೊಟ್ಟು ಇಡಿಯಾಗಿ ಮೇಲೆತ್ತಿ, ಕೆಳಗೆ ಎತ್ತರದ ಅಡಿಪಾಯ ಕಟ್ಟಿಕೊಳ್ಳುತ್ತೇವೆ, ಒಪ್ಪಿಗೆ ಕೊಡಿ. ಮೊದಲು ಹಿಂಜರಿಯುತ್ತಿದ್ದ ಮಂಡಳಿ ಈಗ ಒಪ್ಪುತ್ತಿದೆ. ಎತ್ತುವುದು ಹೇಗೆ ಎಂಬುದಕ್ಕೆ 2019ರಲ್ಲಿ ಮಾರ್ಗಸೂಚಿಯೂ ಬಂತು. ಆದರೆ ಮನೆ ಮೇಲೆದ್ದರೆ ಬೀದಿಗೆ ಹತ್ತಿರವಾಗಿದ್ದ ಆ ಮೊಗಸಾಲೆಯ ಬಾಗಿಲೂ ಮೇಲೇರುತ್ತದೆ, ಮೂರು ಮೆಟ್ಟಿಲಿದ್ದ ಕಡೆ ಹತ್ತು ಬೇಕಾಗುತ್ತದೆ. ಅಷ್ಟು ಮೆಟ್ಟಿಲುಗಳನ್ನು ಕಾಲುದಾರಿಯ ಮೇಲೆ ಇಳಿಸುವಂತಿಲ್ಲ. ಅವನ್ನು ಮನೆಯೊಳಕ್ಕೆ ತಿರುಗಿಸುವುದೋ, ಮೊಗಸಾಲೆಯಲ್ಲೇ ಅಡಗಿಸುವುದೋ ಎಂದು ಮಂಡಳಿಯವರು ಒಂದೊಂದು ಮನೆಯ ನಕ್ಷೆಯನ್ನೂ ಹರಡಿಕೊಂಡು ನೋಡಬೇಕಾಗಿದೆ.