ಒಂದೇ ಪದ್ಯ, ಹದಿನೈದು ನಿಮಿಷ: ಕ್ಯಾಸೆಟ್ಟಿಗೆ ಸಿಕ್ಕಿದ ಆಟದ ಕಥೆ

ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆ ದೀಪಾವಳಿ ಕಳೆದು ಮೇಳಗಳ ತಿರುಗಾಟ ಶುರುವಾದರೆ, ಮಳೆ ಹಿಡಿಯುವವರೆಗೂ ಎಲ್ಲಾದರೊಂದು ಕಡೆ ಆಟ ಇರುತ್ತದೆ. ಆಟ ಮುಗಿದ ಮೇಲಿನ ಒಂದು ಚರ್ಚೆಯೂ ತಪ್ಪುವುದಿಲ್ಲ: ಭಾಗವತರು ಆ ಪದ್ಯವನ್ನು ಅಷ್ಟು ಎಳೆಯಬೇಕಿತ್ತಾ?

ಹಾಡು ಎಷ್ಟು ಉದ್ದ ಇರಬೇಕು ಎಂಬುದನ್ನು ಒಂದು ಕಾಲದಲ್ಲಿ ಯಂತ್ರವೇ ಹೇಳುತ್ತಿತ್ತು. 1902ರಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ಸಿಕ್ಕಿದ್ದು ಬರೀ ಮೂರು ನಿಮಿಷದಷ್ಟು ಜಾಗ. 1948ರಲ್ಲಿ ಎಲ್‌ಪಿ ಬಂತು, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ದಾಟಿತು. ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡ 1969ರ ಲೈವ್ ಆಲ್ಬಂನಲ್ಲಿ ಒಂದೇ ಹಾಡನ್ನು 23 ನಿಮಿಷ ಬೆಳೆಸಿತು. ಕೇಳುಗರು ಅಲ್ಲೂ ಎರಡು ಪಂಗಡವಾದರು.

ನಮ್ಮ ಕಡೆಗೆ ಈ ಬದಲಾವಣೆ ತಂದದ್ದು ಕ್ಯಾಸೆಟ್. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಈ ಪುಟ್ಟ ಡಬ್ಬಿ ನಿಧಾನಕ್ಕೆ ಹಳ್ಳಿ ಮುಟ್ಟಿತು. 90 ನಿಮಿಷದ ಟೇಪಿನಲ್ಲಿ ಒಂದು ಬದಿಗೆ 45 ನಿಮಿಷ. ರಂಗಸ್ಥಳದ ಹತ್ತಿರ ಟೇಪ್‌ರೆಕಾರ್ಡರ್ ಇಟ್ಟರೆ ಆಟದ ಪದ್ಯ ಹಾಗೇ ಮನೆಗೆ ಬರುತ್ತಿತ್ತು.

ಅದೇ ಹೊತ್ತಿಗೆ ಬಡಗಿನಲ್ಲಿ ಕಾಳಿಂಗ ನಾವಡರು (1958–1990) ಹಾಡುತ್ತಿದ್ದರು. ಗುಂಡ್ಮಿ ರಾಮಚಂದ್ರ ನಾವಡರ ಮಗ, 'ನಾಗಶ್ರೀ' ಪ್ರಸಂಗ ಬರೆದವರು. ಹಿಂದೂಸ್ತಾನಿ ರಾಗಗಳನ್ನು ಧೈರ್ಯವಾಗಿ ತಂದರು. 32 ತುಂಬುವ ಮೊದಲೇ ಅಪಘಾತದಲ್ಲಿ ತೀರಿಕೊಂಡರು. ಅವರ ಆಟ ನೋಡದ ತಲೆಮಾರಿಗೂ ಅವರ ದನಿ ಗೊತ್ತಿದ್ದರೆ ಅದು ಕ್ಯಾಸೆಟ್ಟಿನ ಪುಣ್ಯ.

ಪದ್ಯ ಬೆಳೆಯುವುದು ಹೀಗೆ: ಭಾಗವತರು ಒಂದು ಸಾಲನ್ನು ಮತ್ತೆ ಎತ್ತುತ್ತಾರೆ, ರಾಗ ಹಿಗ್ಗಿಸುತ್ತಾರೆ. ಮದ್ದಳೆ ಹಿಂಬಾಲಿಸುತ್ತದೆ, ಚಂಡೆ ಉತ್ತರ ಕೊಡುತ್ತದೆ, ವೇಷಧಾರಿ ಹೊಸ ಹೆಜ್ಜೆ ಹುಡುಕುತ್ತಾನೆ. ಯಾರೂ ಮೊದಲೇ ಬರೆದಿಟ್ಟುಕೊಂಡಿರುವುದಿಲ್ಲ. ಆ ರಾತ್ರಿಯ ಪದ್ಯ ಆ ರಾತ್ರಿಗೇ. ಸ್ಟುಡಿಯೋದಲ್ಲಿ ಅಳೆದು ಹಾಡಿದರೆ ಈ ಬಿಸಿ ಬರುವುದಿಲ್ಲ. ಜನರ ಶಿಳ್ಳೆ, ಗೆಜ್ಜೆ ಸದ್ದು ಎಲ್ಲಾ ಸೇರಿಯೇ ಅದು ಪದ್ಯ.

ಆದರೆ ಟೇಪಿಗೆ ಕಣ್ಣಿಲ್ಲ. ರಂಗದಲ್ಲಿ ಕುಣಿತಕ್ಕಾಗಿ ಎಳೆದ ಸಾಲು, ಬರೀ ಕಿವಿಗೆ ಬಿದ್ದಾಗ ಅದೇ ಅದೇ ಅನಿಸುತ್ತದೆ. ಇನ್ನೊಂದು ತೊಂದರೆ ದೊಡ್ಡದು. ಶಿಳ್ಳೆ ಬಿದ್ದ ತುಣುಕೇ ಹೆಚ್ಚು ಓಡಿದರೆ, ಎಲ್ಲ ಪದ್ಯಕ್ಕೂ ಅದೇ ಅಳತೆಯಾಗುತ್ತದೆ. ಕಥೆಯ ನಡೆ ಬಿಡದ ಹಳೆ ಕ್ರಮವೂ ಒಂದಿದೆ. ತೆಂಕಿನ ಬಲಿಪ ನಾರಾಯಣ ಭಾಗವತರು (1938–2023) ಅದಕ್ಕೇ ಹೆಸರಾದವರು. ಆ ಹಾಡಿಕೆ ಅರ್ಧ ನಿಮಿಷದ ವಿಡಿಯೋಗೆ ಒಗ್ಗುವಂಥದ್ದಲ್ಲ.

ಬೆಳಗಿನವರೆಗೆ ಆಟ ಇದ್ದಾಗ ಹದಿನೈದು ನಿಮಿಷ ಯಾರಿಗೂ ಭಾರವಾಗುತ್ತಿರಲಿಲ್ಲ. ಈಗ ಕಾಲಮಿತಿ ಬಂದಿದೆ. ಮೂರು ನಾಲ್ಕು ಗಂಟೆಯೊಳಗೆ ಒಂದು ಪದ್ಯ ಹಿಗ್ಗಿದರೆ ಇನ್ನೇನೋ ಕುಗ್ಗಲೇಬೇಕು. ಹಾಗೆ ಕುಗ್ಗುವುದು ಹೆಚ್ಚಾಗಿ ಅರ್ಥಗಾರಿಕೆ. ಪುರಾಣದ ನ್ಯಾಯ-ಅನ್ಯಾಯವನ್ನು ನಮ್ಮ ಹಿರಿಯರು ವಾದ ಮಾಡಿ ಕಲಿತದ್ದು ಆ ಮಾತಿನಿಂದಲೇ.

ಎಳೆಯುವುದೇ ತಪ್ಪು ಎಂದು ನಾವು ಹೇಳುವುದಿಲ್ಲ. ಸಂದರ್ಭ ಕೇಳಿದರೆ ಎಳೆಯಲಿ. ನಮ್ಮದೊಂದು ಕೋರಿಕೆ ಮಾತ್ರ: ಮನೆಯ ಅಟ್ಟದಲ್ಲಿ ಹಳೆ ಆಟದ ಕ್ಯಾಸೆಟ್ ಇದ್ದರೆ, ಮಲೆನಾಡಿನ ಮಳೆಗೆ ಬೂಷ್ಟು ಹಿಡಿಯುವ ಮೊದಲು ಮೊಬೈಲಿಗೆ ಇಳಿಸಿಕೊಳ್ಳಿ. ಪದ್ಯ ಮಾತ್ರ ಕತ್ತರಿಸಿ ಇಡಬೇಡಿ, ಅದರ ಹಿಂದೆ ಮುಂದೆ ಇರುವ ಮಾತೂ ಇರಲಿ.