ನೋಡಿದಷ್ಟೂ ಮಾಸುವ ಚಿತ್ರ

ಕೊಡಾಕ್ ಕಂಪನಿಯ ಕೊಡಾಕ್ರೋಮ್ ಫಿಲ್ಮು 1936ರಲ್ಲಿ 35 ಮಿಲಿಮೀಟರ್ ಕ್ಯಾಮೆರಾಗಳಿಗೂ ಬಂದ ಮೇಲೆ ಅಮೆರಿಕದ ಹವ್ಯಾಸಿ ಛಾಯಾಗ್ರಾಹಕರು ಬಣ್ಣದ ಸ್ಲೈಡ್‌ಗೆ ಮಾರುಹೋದರು. 1961ರಲ್ಲಿ ಕ್ಯಾರೊಸೆಲ್ ಪ್ರೊಜೆಕ್ಟರ್ ಬಂತು. ಅದರ ದುಂಡು ತಟ್ಟೆಯಲ್ಲಿ 80 ಸ್ಲೈಡ್ ಹಿಡಿಯುತ್ತಿದ್ದವು. ದೀಪ ಆರಿಸಿ, ಪ್ರವಾಸ, ಮದುವೆ, ಮಕ್ಕಳ ಚಿತ್ರಗಳನ್ನು ಪರದೆಯ ಮೇಲೆ ಮತ್ತೆ ಮತ್ತೆ ನೋಡುವುದು ಎಷ್ಟೋ ಮನೆಗಳಲ್ಲಿ ರೂಢಿಯಾಯಿತು.

ಆದರೆ ಒಂದು ತೊಡಕಿತ್ತು. ಕೊಡಾಕ್ರೋಮ್ ಬಣ್ಣ ಕತ್ತಲಲ್ಲಿ ದಶಕಗಟ್ಟಲೆ ಮಾಸದೆ ಉಳಿಯುತ್ತದೆ. ಪ್ರೊಜೆಕ್ಟರಿನ ಪ್ರಖರ ಬೆಳಕಿಗೆ ಮಾತ್ರ ಬೇಗ ಮಂಕಾಗುತ್ತದೆ. ಹೀಗಾಗಿ ಮನೆಯವರು ಹೆಚ್ಚು ಮೆಚ್ಚಿದ ಚಿತ್ರವೇ ಮೊದಲು ಮಾಸುತ್ತಿತ್ತು, ಯಾರೂ ಕೇಳದ ಚಿತ್ರ ಡಬ್ಬಿಯಲ್ಲಿ ಹೊಸದರಂತೆ ಉಳಿಯುತ್ತಿತ್ತು.

ಕೊಡಾಕ್ 2004ರಲ್ಲಿ ಸ್ಲೈಡ್ ಪ್ರೊಜೆಕ್ಟರ್ ತಯಾರಿಕೆಯನ್ನೂ 2009ರಲ್ಲಿ ಕೊಡಾಕ್ರೋಮನ್ನೂ ನಿಲ್ಲಿಸಿತು. ಸ್ಕ್ಯಾನ್ ಮಾಡಿಟ್ಟ ಪ್ರತಿ ಎಷ್ಟು ನೋಡಿದರೂ ಮಾಸುವುದಿಲ್ಲ. ಹಳೆಯ ಡಬ್ಬಿಯಲ್ಲಿ ಮಂಕಾದ ಸ್ಲೈಡೊಂದು ಸಿಕ್ಕರೆ ಎಸೆಯುವ ಮುನ್ನ ಯೋಚಿಸಬೇಕು: ಆ ಮನೆಯವರು ಬಹುಶಃ ಅದನ್ನೇ ಹೆಚ್ಚು ಸಲ ನೋಡಿದ್ದರು.